ಮೈಎಸ್‌ಕ್ಯುಎಲ್ ಸೆಟ್ಟಿಂಗ್ಸ್ ಫೈಲಿನ ಚರಿತ್ರೆ

ಡೇಟಾಬೇಸ್ ಸರ್ವರ್ ಕೆಲಸ ಶುರುಮಾಡುವ ಮೊದಲೇ ಅದಕ್ಕೆ ಕೆಲವು ಸಂಗತಿಗಳು ಗೊತ್ತಿರಬೇಕು. ದತ್ತಾಂಶ ಯಾವ ಡೈರೆಕ್ಟರಿಯಲ್ಲಿದೆ, ಗ್ರಾಹಕ ತಂತ್ರಾಂಶಗಳು ಯಾವ ಪೋರ್ಟ್‌ಗೆ ಬರುತ್ತವೆ, ಎಷ್ಟು ಮೆಮೊರಿ ಬಳಸಬಹುದು, ದೋಷಗಳ ಲಾಗ್ ಎಲ್ಲಿ ಬರೆಯಬೇಕು ಎಂಬಂಥವು ಅವು. ಇವನ್ನು ಡೇಟಾಬೇಸಿನ ಒಳಗೇ ಇಟ್ಟರೆ ಆಗುವುದಿಲ್ಲ. ಡೇಟಾಬೇಸ್ ಎಲ್ಲಿದೆ ಎಂಬುದೇ ಮೊದಲು ತಿಳಿಯಬೇಕಲ್ಲ. ಹಾಗಾಗಿ ಹೊರಗೊಂದು ಸೆಟ್ಟಿಂಗ್ಸ್ ಫೈಲು ಬೇಕಾಗುತ್ತದೆ. ಮೈಎಸ್‌ಕ್ಯುಎಲ್‌ನಲ್ಲಿ ಆ ಫೈಲಿಗೆ ಯುನಿಕ್ಸ್ ಬಳಗದಲ್ಲಿ ಮೈ.ಸಿಎನ್‌ಎಫ್ ಎಂದೂ ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಮೈ.ಐಎನ್‌ಐ ಎಂದೂ ಹೆಸರು. ಇಪ್ಪತ್ತು ವರ್ಷಗಳಿಗೂ ಮೀರಿದ ಅದರ ಚರಿತ್ರೆಯಲ್ಲಿ ಮೈಎಸ್‌ಕ್ಯುಎಲ್‌ನ ಬೆಳವಣಿಗೆ ಎಷ್ಟು ಕಾಣುತ್ತದೋ, ಅದು ಓಡಿದ ಆಪರೇಟಿಂಗ್ ಸಿಸ್ಟಂಗಳ ರೂಢಿಗಳೂ ಅಷ್ಟೇ ಕಾಣುತ್ತವೆ.

ಮೈಎಸ್‌ಕ್ಯುಎಲ್ 1995ರಲ್ಲಿ ಸ್ವೀಡನ್‌ನಲ್ಲಿ ಹುಟ್ಟಿತು. ಮೈಕೆಲ್ ವಿಡೇನಿಯಸ್, ಡೇವಿಡ್ ಆಕ್ಸ್‌ಮಾರ್ಕ್ ಮತ್ತು ಅಲನ್ ಲಾರ್ಸನ್ ಅದರ ಸ್ಥಾಪಕರು. ಮೊದಲ ವರ್ಷಗಳಲ್ಲಿ ಅದು ಯುನಿಕ್ಸ್‌ನವರ ಸರ್ವರ್. ಆಗ ಸೆಟ್ಟಿಂಗ್ಸ್ ಹೇಳುವ ದಾರಿ ಕಮ್ಯಾಂಡ್ ಲೈನ್. ಸರ್ವರನ್ನು ಚಾಲೂ ಮಾಡಿ ಕಾವಲಿಗಿರುವ ಸೇಫ್_ಮೈಎಸ್‌ಕ್ಯುಎಲ್‌ಡಿ ಎಂಬ ಸ್ಕ್ರಿಪ್ಟ್‌ನ ಮುಂದೆ ಕೀ ಬಫರ್ ಇಷ್ಟು, ಟೇಬಲ್ ಕ್ಯಾಶ್ ಇಷ್ಟು ಎಂದು ಬರೆಯಬೇಕಿತ್ತು. ಯಂತ್ರ ರೀಸ್ಟಾರ್ಟ್ ಆದಾಗ ಇದೆಲ್ಲ ತಾನಾಗಿಯೇ ಮರಳಬೇಕೆಂದರೆ ಸ್ಟಾರ್ಟಪ್ ಸ್ಕ್ರಿಪ್ಟನ್ನೇ ತಿದ್ದಬೇಕು. ಹೊಸ ಆವೃತ್ತಿ ಹಾಕಿದರೆ ತಿದ್ದಿದ್ದು ಅಳಿಸಿಹೋಗುವ ಅಪಾಯ.

3.22ನೇ ಆವೃತ್ತಿಯಿಂದ ಈ ತೊಡಕು ತಪ್ಪಿತು. ಆ ಆವೃತ್ತಿಯಲ್ಲಿ ಸರ್ವರ್ ಮಾತ್ರವಲ್ಲ, ಅದರ ಜೊತೆಯ ಗ್ರಾಹಕ ತಂತ್ರಾಂಶಗಳೂ ಸೆಟ್ಟಿಂಗ್ಸ್ ಫೈಲು ಓದತೊಡಗಿದವು. ಫೈಲಿನ ಸ್ವರೂಪ ಸರಳವಾಗಿತ್ತು. ಚೌಕ ಆವರಣದಲ್ಲಿ ಗುಂಪಿನ ಹೆಸರು, ಅದರ ಕೆಳಗೆ ಸಾಲಿಗೊಂದರಂತೆ ಹೆಸರು ಮತ್ತು ಬೆಲೆ. ಮೈಎಸ್‌ಕ್ಯುಎಲ್‌ಡಿ ಎಂಬ ಗುಂಪು ಸರ್ವರಿಗೆ, ಕ್ಲೈಂಟ್ ಎಂಬುದು ಎಲ್ಲ ಗ್ರಾಹಕರಿಗೆ, ಮೈಎಸ್‌ಕ್ಯುಎಲ್‌ಡಂಪ್ ಎಂಬುದು ಬ್ಯಾಕಪ್ ಸಾಧನಕ್ಕೆ. ವಿಂಡೋಸ್ 3.1ರ ಕಾಲದ ಐಎನ್‌ಐ ಫೈಲುಗಳಿಗೂ ಇದೇ ಮೈಕಟ್ಟು ಇತ್ತು. ಅದರಿಂದ ಮುಂದೆ ಎರಡೂ ಕಡೆ ಒಂದೇ ಬಗೆಯ ಫೈಲು ನಡೆಯುವುದು ಸುಲಭವಾಯಿತು.

ಯುನಿಕ್ಸ್‌ನಲ್ಲಿ ಫೈಲಿಗೆ ಮೂರು ಜಾಗಗಳಿದ್ದವು. ಇಡೀ ಯಂತ್ರಕ್ಕೆ ಅನ್ವಯಿಸುವುದು ಇಟಿಸಿ ಡೈರೆಕ್ಟರಿಯಲ್ಲಿ, ಆ ಒಂದು ಸರ್ವರಿಗೆ ಮಾತ್ರ ಸೇರಿದ್ದು ದತ್ತಾಂಶದ ಡೈರೆಕ್ಟರಿಯಲ್ಲಿ, ಬಳಕೆದಾರನ ಸ್ವಂತದ್ದು ಅವನ ಹೋಮ್ ಡೈರೆಕ್ಟರಿಯಲ್ಲಿ ಚುಕ್ಕಿಯಿಂದ ಶುರುವಾಗುವ ಹೆಸರಿನಲ್ಲಿ. ಇವನ್ನು ಇದೇ ಸರದಿಯಲ್ಲಿ ಓದಲಾಗುತ್ತಿತ್ತು. ಒಂದೇ ಸೆಟ್ಟಿಂಗ್ ಎರಡು ಕಡೆ ಇದ್ದರೆ ಕೊನೆಗೆ ಓದಿದ್ದೇ ಗೆಲ್ಲುತ್ತದೆ. ಕಮ್ಯಾಂಡ್ ಲೈನ್‌ನಲ್ಲಿ ಹೇಳಿದ್ದು ಎಲ್ಲಕ್ಕೂ ಮೇಲು. ಈ ನಿಯಮಕ್ಕೆ ಒಂದು ಅಪವಾದ ಉಂಟು. ಸರ್ವರ್ ಯಾವ ಬಳಕೆದಾರನ ಹೆಸರಿನಲ್ಲಿ ಓಡಬೇಕೆಂಬ ಸೆಟ್ಟಿಂಗ್‌ಗೆ ಮೊದಲು ಓದಿದ್ದೇ ಖಾಯಂ. ಮೇಲ್ವಿಚಾರಕ ಮುಖ್ಯ ಫೈಲಿನಲ್ಲಿ ಬರೆದಿಟ್ಟದ್ದನ್ನು ಆಮೇಲೆ ಬಂದವರು ಬದಲಿಸಿ ಸರ್ವರಿಗೆ ಹೆಚ್ಚಿನ ಅಧಿಕಾರ ಕೊಟ್ಟುಬಿಡಬಾರದೆಂದು ಈ ಎಚ್ಚರಿಕೆ. ಫೈಲಿನ ಅನುಮತಿಯ ವಿಷಯದಲ್ಲೂ ಯುನಿಕ್ಸ್‌ನ ಶಿಸ್ತು ಬಂತು. ಯಾರು ಬೇಕಾದರೂ ಬರೆಯಬಹುದಾದ ಫೈಲನ್ನು ಸರ್ವರ್ ನಂಬುವುದಿಲ್ಲ. ಒಂದು ಎಚ್ಚರಿಕೆಯ ಸಾಲು ತೋರಿಸಿ ಅದನ್ನು ಬಿಟ್ಟು ಮುಂದೆ ಹೋಗುತ್ತದೆ.

1998ರ ಜನವರಿಯಲ್ಲಿ ವಿಂಡೋಸ್ 95 ಮತ್ತು ಎನ್‌ಟಿಗೆ ಮೈಎಸ್‌ಕ್ಯುಎಲ್ ಬಂತು. ವಿಂಡೋಸ್‌ನಲ್ಲಿ ಇಟಿಸಿ ಎಂಬ ಡೈರೆಕ್ಟರಿ ಇಲ್ಲ. ಆಗ ಬಹುಪಾಲು ತಂತ್ರಾಂಶಗಳು ತಮ್ಮ ಸೆಟ್ಟಿಂಗ್ಸನ್ನು ರಿಜಿಸ್ಟ್ರಿಗೆ ಸಾಗಿಸುತ್ತಿದ್ದವು. ಮೈಎಸ್‌ಕ್ಯುಎಲ್ ಆ ದಾರಿ ಹಿಡಿಯದೆ ಪಠ್ಯದ ಫೈಲಿನಲ್ಲೇ ಉಳಿಯಿತು. ವಿಂಡೋಸ್ ಡೈರೆಕ್ಟರಿಯಲ್ಲಿ ಮೈ.ಐಎನ್‌ಐ ಇಡಬಹುದಿತ್ತು, ಇಲ್ಲವೇ ಸಿ ಡ್ರೈವಿನ ಬುಡದಲ್ಲೇ ಮೈ.ಸಿಎನ್‌ಎಫ್ ಇಡಬಹುದಿತ್ತು. ಸರ್ವರನ್ನು ವಿಂಡೋಸ್ ಸರ್ವಿಸ್ ಆಗಿ ಸೇರಿಸಿದಾಗ ರಿಜಿಸ್ಟ್ರಿಯಲ್ಲಿ ದಾಖಲಾಗುತ್ತಿದ್ದುದು ಸರ್ವರನ್ನು ಕರೆಯುವ ಸಾಲು ಮಾತ್ರ. ಆ ಸಾಲಿನಲ್ಲೇ ಇಂಥ ಸೆಟ್ಟಿಂಗ್ಸ್ ಫೈಲು ಓದು ಎಂದು ದಾರಿ ಬರೆದಿಡಬಹುದಿತ್ತು.

ಸ್ವರೂಪ ಒಂದೇ ಆದರೂ ವಿಂಡೋಸ್‌ನ ರೂಢಿಗಳು ಹೊಸ ತೊಡಕು ತಂದವು. ವಿಂಡೋಸ್ ಡೈರೆಕ್ಟರಿಗಳ ನಡುವೆ ಹಿಂಬಾಗಿದ ಗೆರೆ ಹಾಕುತ್ತದೆ. ಸೆಟ್ಟಿಂಗ್ಸ್ ಫೈಲಿನಲ್ಲಾದರೋ ಅದೇ ಗೆರೆಗೆ ಬೇರೆ ಕೆಲಸ. ಅದರ ಮುಂದೆ ಟಿ ಅಕ್ಷರ ಬಂದರೆ ಟ್ಯಾಬ್, ಎನ್ ಬಂದರೆ ಹೊಸ ಸಾಲು, ಎಸ್ ಬಂದರೆ ಖಾಲಿ ಜಾಗ. ಟೆಂಪ್ ಎಂಬ ಡೈರೆಕ್ಟರಿಯ ದಾರಿಯನ್ನು ವಿಂಡೋಸ್‌ನವರು ಬರೆಯುವಂತೆಯೇ ಬರೆದರೆ ಸರ್ವರ್ ಅಲ್ಲೊಂದು ಟ್ಯಾಬ್ ಓದಿ, ಇಲ್ಲದ ಡೈರೆಕ್ಟರಿಯನ್ನು ಹುಡುಕುತ್ತದೆ. ಯುನಿಕ್ಸ್‌ನಂತೆ ಮುಂಬಾಗಿದ ಗೆರೆ ಬಳಸಿ, ಇಲ್ಲವೇ ಹಿಂಬಾಗಿದ್ದನ್ನು ಎರಡು ಸಲ ಬರೆಯಿರಿ ಎಂದು ಕೈಪಿಡಿ ಹೇಳಿತು. ವಿಂಡೋಸ್ ಫೈಲಿನ ವಿಸ್ತರಣೆಯನ್ನು ಮರೆಮಾಡುವುದರಿಂದಲೂ ಎಡವಟ್ಟಾಗುತ್ತಿತ್ತು. ನೋಟ್‌ಪ್ಯಾಡ್‌ನಲ್ಲಿ ಉಳಿಸಿದ ಫೈಲಿಗೆ ಕೊನೆಯಲ್ಲಿ ಟಿಎಕ್ಸ್‌ಟಿ ಸೇರಿಕೊಂಡಿದ್ದರೂ ತೆರೆಯ ಮೇಲೆ ಅದು ಮೈ.ಐಎನ್‌ಐ ಎಂದೇ ಕಾಣುತ್ತಿತ್ತು. ಸರ್ವರ್ ಅದನ್ನು ಓದುತ್ತಲೇ ಇರಲಿಲ್ಲ.

ಫೈಲಿನ ಹೆಸರಿನಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳ ಭೇದ ಇನ್ನೂ ಆಳಕ್ಕಿಳಿಯಿತು. ಹಳೆಯ ಮೈಎಸ್‌ಕ್ಯುಎಲ್‌ನಲ್ಲಿ ಡೇಟಾಬೇಸ್ ಎಂದರೆ ಒಂದು ಡೈರೆಕ್ಟರಿ, ಟೇಬಲ್ ಎಂದರೆ ಅದರೊಳಗಿನ ಫೈಲುಗಳು. ಹೀಗಾಗಿ ಟೇಬಲಿನ ಹೆಸರಿಗೆ ಆಪರೇಟಿಂಗ್ ಸಿಸ್ಟಂನ ನಿಯಮವೇ ಅನ್ವಯವಾಗುತ್ತಿತ್ತು. ಲಿನಕ್ಸ್‌ನಲ್ಲಿ ಇಂಗ್ಲಿಷಿನ ದೊಡ್ಡ ಯು ಅಕ್ಷರದ ಯೂಸರ್ಸ್ ಬೇರೆ, ಸಣ್ಣ ಯು ಅಕ್ಷರದ್ದು ಬೇರೆ; ವಿಂಡೋಸ್‌ನಲ್ಲಿ ಎರಡೂ ಒಂದೇ. ವಿಂಡೋಸ್ ಯಂತ್ರದಲ್ಲಿ ಬರೆದು ಪರೀಕ್ಷಿಸಿದ ತಂತ್ರಾಂಶ ಲಿನಕ್ಸ್ ಸರ್ವರ್‌ಗೆ ಹೋದ ಕೂಡಲೇ ಟೇಬಲ್ ಸಿಗುತ್ತಿಲ್ಲ ಎಂದು ನಿಂತುಬಿಡುವುದಕ್ಕೆ ಇದೇ ಕಾರಣ. ಇದಕ್ಕಾಗಿ ಬಂದ ಲೋಯರ್_ಕೇಸ್_ಟೇಬಲ್_ನೇಮ್ಸ್ ಎಂಬ ಸೆಟ್ಟಿಂಗ್‌ಗೆ ಮೂರು ಬೆಲೆಗಳು: ಯುನಿಕ್ಸ್‌ಗೆ 0, ವಿಂಡೋಸ್‌ಗೆ 1, ಮ್ಯಾಕ್‌ಗೆ 2. ಬರೆದ ರೂಪವನ್ನು ಉಳಿಸಿಕೊಂಡು ಹೋಲಿಸುವಾಗ ಮಾತ್ರ ಭೇದ ಎಣಿಸದಿರುವುದು ಮ್ಯಾಕ್‌ನ ಫೈಲ್ ಸಿಸ್ಟಂನ ಪದ್ಧತಿ. 2 ಅದಕ್ಕೆ ಹೊಂದುವ ಬೆಲೆ. 8.0 ಆವೃತ್ತಿಯಿಂದ ಟೇಬಲ್‌ಗಳ ವಿವರ ಫೈಲುಗಳಲ್ಲಿರದೆ ಸರ್ವರಿನ ಒಳಗಿನ ದತ್ತಾಂಶ ನಿಘಂಟಿಗೆ ಸೇರಿತು. ಅಲ್ಲಿಂದ ಈ ಬೆಲೆಯನ್ನು ಸರ್ವರ್ ಮೊದಲ ಸಲ ಸಿದ್ಧವಾಗುವಾಗಲೇ ಆರಿಸಬೇಕು, ಆಮೇಲೆ ಬದಲಿಸಲಾಗದು.

ಸೆಟ್ಟಿಂಗ್ಸ್ ಫೈಲಿನಲ್ಲಿ ಏನು ಬರೆಯಬೇಕೆಂದು ಹೊಸಬರಿಗೆ ತಿಳಿಸಲು ಮೈಎಸ್‌ಕ್ಯುಎಲ್ ಜೊತೆಗೆ ಮಾದರಿಗಳು ಬರುತ್ತಿದ್ದವು: ಸ್ಮಾಲ್, ಮೀಡಿಯಂ, ಲಾರ್ಜ್, ಹ್ಯೂಜ್. ಸ್ಮಾಲ್ 64 ಎಂಬಿಗಿಂತ ಹೆಚ್ಚು ಮೆಮೊರಿ ಇಲ್ಲದ ಯಂತ್ರಕ್ಕೆ, ಲಾರ್ಜ್ 512 ಎಂಬಿಗೆ, ಹ್ಯೂಜ್ 1ರಿಂದ 2 ಜಿಬಿಗೆ. ಯಂತ್ರಗಳು ಬೆಳೆದವು, ಮಾದರಿಗಳು ಹಾಗೇ ಉಳಿದವು. ಹತ್ತಾರು ಜಿಬಿ ಮೆಮೊರಿಯ ಸರ್ವರ್‌ಗಳಲ್ಲೂ ಹ್ಯೂಜ್ ಎಂಬ ಹೆಸರು ನಂಬಿ ಅದನ್ನೇ ನಕಲು ಮಾಡುವುದು ನಡೆದೇ ಇತ್ತು. 2013ರ 5.6 ಆವೃತ್ತಿಯಲ್ಲಿ ಇವನ್ನು ಕೈಬಿಟ್ಟು ಒಂದೇ ಒಂದು ಚಿಕ್ಕ ಮಾದರಿ ಇಡಲಾಯಿತು, 5.7.18ರಲ್ಲಿ ಅದೂ ಹೋಯಿತು. ಸರ್ವರಿನ ಒಳಗಿನ ಮೂಲ ಬೆಲೆಗಳನ್ನೇ ಸರಿಪಡಿಸುವುದು ಮಾದರಿ ಹಂಚುವುದಕ್ಕಿಂತ ಮೇಲು ಎಂಬ ತೀರ್ಮಾನ ಇದರ ಹಿಂದಿತ್ತು. ಇನ್ನೋಡಿಬಿ ಎಂಬ ಸಂಗ್ರಹ ಎಂಜಿನ್ನಿನ ಬಫರ್ ಪೂಲ್ 5.0ರಲ್ಲಿ 8 ಎಂಬಿ ಇದ್ದದ್ದು 5.5ರ ಹೊತ್ತಿಗೆ 128 ಎಂಬಿ ಆಗಿತ್ತು. 8.0ರಲ್ಲಿ, ಯಂತ್ರ ಪೂರ್ತಿ ಡೇಟಾಬೇಸಿಗೇ ಮೀಸಲು ಎಂದು ಒಂದು ಸಾಲು ಬರೆದರೆ ಸರ್ವರ್ ತಾನೇ ಮೆಮೊರಿ ನೋಡಿ ಲೆಕ್ಕ ಹಾಕಿಕೊಳ್ಳುವ ವ್ಯವಸ್ಥೆ ಬಂತು.

ವಿಂಡೋಸ್‌ನಲ್ಲಿ 4.1ರ ಸುಮಾರಿಗೆ ಸೆಟ್ಟಿಂಗ್ಸ್ ಬರೆಯುವ ವಿಝಾರ್ಡ್ ಬಂತು. ಯಂತ್ರ ಡೆವಲಪರನದೋ, ಇತರ ಕೆಲಸಗಳೂ ಇರುವ ಸರ್ವರೋ, ಡೇಟಾಬೇಸಿಗೇ ಮೀಸಲೋ ಎಂದು ಕೇಳಿ ಅದು ಮೈ.ಐಎನ್‌ಐ ತಯಾರಿಸುತ್ತಿತ್ತು. 5.0 ಆವೃತ್ತಿಯಿಂದ, ಹೀಗೆ ತಯಾರಾದ ಫೈಲಿನಲ್ಲಿ ಸ್ಟ್ರಿಕ್ಟ್ ಮೋಡ್ ಚಾಲೂ ಆಗಿರುತ್ತಿತ್ತು. ಅಂಕಣಕ್ಕೆ ಹೊಂದದ ಬೆಲೆ ಬಂದರೆ ಸರ್ವರ್ ದೋಷ ಹೇಳಿ ತಿರಸ್ಕರಿಸುತ್ತಿತ್ತು. ಫೈಲೇ ಇಲ್ಲದೆ ಓಡುವ ಲಿನಕ್ಸ್ ಸರ್ವರ್ ಅದೇ ಬೆಲೆಯನ್ನು ಕತ್ತರಿಸಿಯೋ ಬದಲಿಸಿಯೋ ಸೇರಿಸಿಕೊಂಡು, ಬರೀ ಎಚ್ಚರಿಕೆ ಕೊಟ್ಟು ಸುಮ್ಮನಾಗುತ್ತಿತ್ತು. ಒಂದೇ ಆವೃತ್ತಿಯ ಸರ್ವರ್ ಎರಡು ಆಪರೇಟಿಂಗ್ ಸಿಸ್ಟಂಗಳಲ್ಲಿ ಎರಡು ಬಗೆಯಾಗಿ ನಡೆದುಕೊಳ್ಳುತ್ತಿದ್ದುದು ಸೆಟ್ಟಿಂಗ್ಸ್ ಫೈಲಿನ ದೆಸೆಯಿಂದ. 2015ರ 5.7ರಲ್ಲಿ ಸ್ಟ್ರಿಕ್ಟ್ ಮೋಡ್ ಎಲ್ಲೆಡೆ ಮೂಲ ಬೆಲೆಯಾದ ಮೇಲೆ ಈ ವ್ಯತ್ಯಾಸ ಅಳಿಯಿತು.

ಕನ್ನಡಕ್ಕೆ ನೇರವಾಗಿ ತಟ್ಟಿದ ಸೆಟ್ಟಿಂಗ್ ಅಕ್ಷರ ಸಂಕೇತದ್ದು. ಮೈಎಸ್‌ಕ್ಯುಎಲ್‌ನ ಮೂಲ ಸಂಕೇತ ಲ್ಯಾಟಿನ್1, ಮೂಲ ಅಕಾರಾದಿ ಕ್ರಮ ಸ್ವೀಡಿಷ್ ಆಗಿತ್ತು. ಕನ್ನಡ ಸೇರಿ ಜಗತ್ತಿನ ಲಿಪಿಗಳಿಗೆ ಬೇಕಾದ ಯುಟಿಎಫ್8 ಬಂದದ್ದು 2004ರಲ್ಲಿ ಸಿದ್ಧವಾದ 4.1ರಲ್ಲಿ. ಫೈಲಿನಲ್ಲಿ ಅದನ್ನು ಕೇಳಿ ಪಡೆಯದಿದ್ದರೆ ಹೊಸ ಟೇಬಲ್ ಲ್ಯಾಟಿನ್1ರಲ್ಲೇ ಆಗುತ್ತಿತ್ತು. ಅದಕ್ಕೆ ಪರಿವರ್ತಿಸಿದ ಕನ್ನಡ ಪಠ್ಯ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಉಳಿಯುತ್ತಿತ್ತು, ಮೂಲ ಮರಳಿ ಸಿಗುತ್ತಿರಲಿಲ್ಲ. ಯುನಿಕೋಡ್‌ನ ಕನ್ನಡ ಸಂಕೇತಗಳಿಗೆ ಯುಟಿಎಫ್8ರಲ್ಲಿ ತಲಾ 3 ಬೈಟ್ ಬೇಕು. ಮೈಎಸ್‌ಕ್ಯುಎಲ್‌ನ ಮೊದಲ ಯುಟಿಎಫ್8 ಗರಿಷ್ಠ 3 ಬೈಟ್‌ಗಳದ್ದಾದ್ದರಿಂದ ಕನ್ನಡಕ್ಕೆ ಸಾಲುತ್ತಿತ್ತು. ಎಮೋಜಿಗೆ 4 ಬೇಕಾದ್ದರಿಂದ 5.5ರಲ್ಲಿ ಯುಟಿಎಫ್8ಎಂಬಿ4 ಸೇರಿತು. ಆಗ ಸೂಚಿಯ ಮಿತಿ ಎದುರಾಯಿತು. ಹಳೆಯ ಇನ್ನೋಡಿಬಿಯಲ್ಲಿ ಒಂದು ಅಂಕಣದ ಸೂಚಿಗೆ 767 ಬೈಟ್ ಗರಿಷ್ಠ. ತಲಾ 3 ಬೈಟ್‌ನಂತೆ 255 ಅಕ್ಷರ ಹಿಡಿಸುತ್ತಿದ್ದದ್ದು, 4ರಂತೆ 191ಕ್ಕೆ ಇಳಿಯಿತು. 2018ರ 8.0ರಲ್ಲಿ ಯುಟಿಎಫ್8ಎಂಬಿ4 ಮೂಲ ಸಂಕೇತವಾಯಿತು. ಅಲ್ಲಿಂದಾಚೆಗೆ ಕನ್ನಡ ಬರೆಯಲು ಫೈಲಿನಲ್ಲಿ ಪ್ರತ್ಯೇಕ ಸಾಲು ಬೇಡವಾಯಿತು.

ಲಿನಕ್ಸ್ ವಿತರಣೆಗಳೂ ಫೈಲನ್ನು ತಮ್ಮ ರೀತಿಗೆ ಒಗ್ಗಿಸಿಕೊಂಡವು. ಡೆಬಿಯನ್ ಅದನ್ನು ಇಟಿಸಿಯೊಳಗಿನ ಮೈಎಸ್‌ಕ್ಯುಎಲ್ ಡೈರೆಕ್ಟರಿಗೆ ಸಾಗಿಸಿ, ಪಕ್ಕದ ಕಾನ್ಫ್.ಡಿ ಎಂಬ ಡೈರೆಕ್ಟರಿಯ ತುಂಡು ಫೈಲುಗಳನ್ನೂ ಓದುವಂತೆ ಮಾಡಿತು. ವಿತರಣೆಯ ಫೈಲು ಹೊಸದಾದರೂ ಮೇಲ್ವಿಚಾರಕನ ತುಂಡು ಹಾಗೇ ಉಳಿಯುತ್ತದೆ ಎಂಬುದು ಇದರ ಲಾಭ. ಒಂದೇ ಯಂತ್ರದೊಳಗಿನ ಸಂಪರ್ಕಕ್ಕೆ ಬಳಸುವ ಸಾಕೆಟ್ ಫೈಲೂ ಟಿಎಂಪಿ ಡೈರೆಕ್ಟರಿಯಿಂದ ವಾರ್ ಡೈರೆಕ್ಟರಿಗೆ ಹೋಯಿತು. ಸರ್ವರಿಗೂ ಗ್ರಾಹಕನಿಗೂ ಬೇರೆ ಬೇರೆ ಜಾಗ ಹೇಳಿದ್ದರೆ ಪೋರ್ಟ್ 3306 ತೆರೆದಿದ್ದರೂ ಸಾಕೆಟ್ ಮೂಲಕ ಸಂಪರ್ಕ ಸಿಗದು. ಉಬುಂಟುವಿನಲ್ಲಿ ಆಪ್‌ಆರ್ಮರ್ ಎಂಬ ರಕ್ಷಣಾ ವ್ಯವಸ್ಥೆ ಸೇರಿದ ಮೇಲೆ ದತ್ತಾಂಶದ ಡೈರೆಕ್ಟರಿ ಬದಲಿಸಲು ಮೈ.ಸಿಎನ್‌ಎಫ್ ತಿದ್ದಿದರಷ್ಟೇ ಸಾಲದಾಯಿತು. ಆಪ್‌ಆರ್ಮರ್‌ನ ಫೈಲಿನಲ್ಲೂ ಆ ಜಾಗಕ್ಕೆ ಅನುಮತಿ ಬರೆಯಬೇಕು.

ಸೆಟ್ಟಿಂಗ್ಸ್ ಫೈಲಿಗೆ ಇದ್ದ ಬಲವೇ ಅಪಾಯವೂ ಆಯಿತು. 2016ರಲ್ಲಿ ಬಯಲಾದ ಒಂದು ಲೋಪದಲ್ಲಿ, ದಾಳಿಕೋರ ಸರ್ವರಿನ ಲಾಗ್ ಬರೆಯುವ ಸೌಲಭ್ಯವನ್ನೇ ಬಳಸಿ ಮೈ.ಸಿಎನ್‌ಎಫ್ ಒಳಗೆ ತನ್ನ ಸಾಲು ಸೇರಿಸಬಹುದಿತ್ತು. ಮುಂದಿನ ಸಲ ಸರ್ವರ್ ಶುರುವಾದಾಗ, ರೂಟ್ ಅಧಿಕಾರದಲ್ಲಿ ಓಡುವ ಸ್ಟಾರ್ಟಪ್ ಸ್ಕ್ರಿಪ್ಟ್ ಆ ಸಾಲು ಓದಿ ದಾಳಿಕೋರನ ಲೈಬ್ರರಿಯನ್ನು ಹತ್ತಿಸಿಕೊಳ್ಳುತ್ತಿತ್ತು. ಇದಾದ ಮೇಲೆ ಸಿಎನ್‌ಎಫ್ ಅಥವಾ ಐಎನ್‌ಐ ಎಂದು ಕೊನೆಯಾಗುವ ಹೆಸರುಗಳನ್ನು ಲಾಗ್ ಫೈಲಿಗೆ ಇಡದಂತೆ ನಿರ್ಬಂಧಿಸಲಾಯಿತು.

ಇಷ್ಟರಲ್ಲಿ ಸೆಟ್ಟಿಂಗ್‌ಗಳು ಫೈಲಿನಿಂದ ಸರ್ವರಿನೊಳಕ್ಕೆ ಸರಿಯತೊಡಗಿದ್ದವು. 4.0ರಿಂದಲೇ ಸೆಟ್ ಗ್ಲೋಬಲ್ ಆಜ್ಞೆಯಿಂದ ಹಲವು ಬೆಲೆಗಳನ್ನು ಸರ್ವರ್ ನಿಲ್ಲಿಸದೆ ಬದಲಿಸಬಹುದಿತ್ತು. ಆದರೆ ರೀಸ್ಟಾರ್ಟ್ ಆದರೆ ಫೈಲಿನಲ್ಲಿದ್ದದ್ದೇ ಮರಳುತ್ತಿತ್ತು. ಒರಾಕಲ್ ಡೇಟಾಬೇಸ್ 2001ರ 9ಐ ಆವೃತ್ತಿಯಲ್ಲಿ, ಪೋಸ್ಟ್‌ಗ್ರೆಸ್‌ಕ್ಯುಎಲ್ 2014ರ 9.4ರಲ್ಲಿ ಇಂಥ ಬದಲಾವಣೆಯನ್ನು ಸರ್ವರೇ ಫೈಲಿಗೆ ಬರೆದಿಡುವ ಏರ್ಪಾಡು ತಂದವು. ಮೈಎಸ್‌ಕ್ಯುಎಲ್ 8.0ರಲ್ಲಿ ಸೆಟ್ ಪರ್ಸಿಸ್ಟ್ ಆಜ್ಞೆಯೊಂದಿಗೆ ಅದನ್ನು ಪಡೆಯಿತು. ಹೀಗೆ ಬದಲಿಸಿದ ಬೆಲೆಗಳು ದತ್ತಾಂಶದ ಡೈರೆಕ್ಟರಿಯಲ್ಲಿ ಜೇಸನ್ ರೂಪದ ಪ್ರತ್ಯೇಕ ಫೈಲಿಗೆ ಸೇರುತ್ತವೆ. ಎಲ್ಲ ಸೆಟ್ಟಿಂಗ್ಸ್ ಫೈಲುಗಳ ನಂತರ ಅದನ್ನು ಓದಲಾಗುತ್ತದೆ. ಆಜ್ಞೆ ಎಸ್‌ಕ್ಯುಎಲ್‌ನದಾದ್ದರಿಂದ ಬದಲಿಸುವವರಿಗೆ ಡೈರೆಕ್ಟರಿಯ ದಾರಿಯಾಗಲಿ ಗೆರೆಯ ದಿಕ್ಕಾಗಲಿ ಗೊತ್ತಿರಬೇಕಿಲ್ಲ.

2009ರ ಅಕ್ಟೋಬರಿನಲ್ಲಿ ಶುರುವಾದ ಅಮೆಜಾನ್ ಆರ್‌ಡಿಎಸ್‌ನಂಥ ಕ್ಲೌಡ್ ಸೇವೆಗಳಲ್ಲಿ ಫೈಲು ಬಳಕೆದಾರನ ಕೈಗೇ ಸಿಗುವುದಿಲ್ಲ. ಪ್ಯಾರಾಮೀಟರ್ ಗ್ರೂಪ್ ಎಂಬ ಪಟ್ಟಿಯಲ್ಲಿ ಬೆಲೆಗಳನ್ನು ತುಂಬಬೇಕು. ಕಂಟೇನರ್‌ಗಳಲ್ಲಿ ವಿಂಡೋಸ್ ಯಂತ್ರದ ಮೇಲೂ ಓಡುವುದು ಸಾಮಾನ್ಯವಾಗಿ ಲಿನಕ್ಸ್‌ನ ಸರ್ವರೇ, ಅದು ಓದುವುದು ಇಟಿಸಿಯ ಫೈಲನ್ನೇ. ಆದರೂ ದತ್ತಾಂಶದ ಜಾಗದಂಥ ಮೊದಲ ಸಂಗತಿಗಳನ್ನು ಈಗಲೂ ಸರ್ವರಿಗೆ ಹೊರಗಿನಿಂದಲೇ ಹೇಳಬೇಕು. ಸ್ವಂತ ಯಂತ್ರದಲ್ಲಿ ಸರ್ವರ್ ನಡೆಸುವವರಿಗೆ ಅದಕ್ಕಿರುವ ಮುಖ್ಯ ದಾರಿ ಇಂದಿಗೂ ಮೈ.ಸಿಎನ್‌ಎಫ್ ಮತ್ತು ಮೈ.ಐಎನ್‌ಐ ಫೈಲುಗಳೇ.