ಬೆಂಗಳೂರು: ಯುವಜನರ ದಾರಿದ್ರ್ಯ ಮತ್ತು ಆದಾಯದ ಅಸಮಾನತೆ

ಬೆಂಗಳೂರಿನಲ್ಲಿ ದಾರಿದ್ರ್ಯವನ್ನನುಭವಿಸುವ ಯುವಜನರಲ್ಲಿ ಅನೇಕರು ಉದ್ಯೋಗಸ್ಥರೇ ಆಗಿರುವುದು ಗಮನಾರ್ಹವಾದ ಸಂಗತಿ. ವರ್ಷಗಟ್ಟಲೆ ದುಡಿದರೂ ಏರದ ಕೂಲಿಯೇ ಇಲ್ಲಿಯ ಅಸಮಾನತೆಯ ಪ್ರಧಾನ ಲಕ್ಷಣವೆನ್ನಬಹುದು.

ಹಿನ್ನೆಲೆ

1940ರಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು ಸ್ಥಾಪಿತವಾಗಿ, ತರುವಾಯ ಐಟಿಐ (1948), ಎಚ್‌ಎಂಟಿ (1953), ಬಿಇಎಲ್ (1954) ಎಂಬ ಸರ್ಕಾರಿ ಉದ್ಯಮಗಳು ತಲೆಯೆತ್ತಿದ ಮೇಲೆ, ಎಸ್‌ಎಸ್‌ಎಲ್‌ಸಿ ಮುಗಿಸಿದ ಹುಡುಗನೊಬ್ಬನು ಅಪ್ರೆಂಟಿಸ್ ಆಗಿ ಸೇರಿ, ಕಾಯಂ ಕೆಲಸವನ್ನೂ ಕ್ವಾರ್ಟರ್ಸನ್ನೂ ಪಡೆದು, ತನ್ನ ಮಕ್ಕಳನ್ನು ಕಾಲೇಜಿಗೆ ಕಳುಹಿಸುವಷ್ಟು ಅನುಕೂಲವಂತನಾಗುವುದು ಸಾಧ್ಯವಾಗಿತ್ತು. 1980ರ ಡಿಸೆಂಬರಿನಲ್ಲಿ ಮೊದಲಾಗಿ 77 ದಿನಗಳ ಪರ್ಯಂತ ಈ ಉದ್ಯಮಗಳ ಕಾರ್ಮಿಕರು ನಡೆಸಿದ ಮುಷ್ಕರವು ಅವರ ಸಂಘಬಲಕ್ಕೆ ಸಾಕ್ಷಿ. 1991ರ ಆರ್ಥಿಕ ನೀತಿಯ ಅನಂತರ ಇಂಥ ನೇಮಕಗಳು ವಿರಳವಾದುವು. ಮಾಹಿತಿ ತಂತ್ರಜ್ಞಾನವು ತಂದ ಸಂಪತ್ತು ಬಹುಮಟ್ಟಿಗೆ ಇಂಗ್ಲಿಷ್ ಬಲ್ಲ ಪದವೀಧರರ ಪಾಲಾಯಿತು.

ಸಿದ್ಧ ಉಡುಪಿನ ಕಾರ್ಖಾನೆಗಳು

ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಗಳ ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವವರು ಬಹುಪಾಲು ಸ್ತ್ರೀಯರು. ಗಂಟೆಗೆ ಇಷ್ಟು ಪೀಸೆಂಬ ಟಾರ್ಗೆಟ್ಟನ್ನು ಲೈನಿನ ತುದಿಯ ಹಲಗೆಯ ಮೇಲೆ ಬರೆದಿಡುವ ಈ ಕಾರ್ಖಾನೆಗಳಲ್ಲಿ, ಹೆಲ್ಪರಾಗಿ ಸೇರಿದವಳು ಟೈಲರಾದ ಮೇಲೂ ಸಂಬಳವು ಸರ್ಕಾರ ಗೊತ್ತುಮಾಡಿದ ಕನಿಷ್ಠ ವೇತನದ ಆಸುಪಾಸಿನಲ್ಲಿಯೇ ನಿಲ್ಲುವುದುಂಟು. ಇಂಥವಳಿಗೆ ಭವಿಷ್ಯನಿಧಿಯು (ಪಿಎಫ್) ಮುಪ್ಪಿನ ಆಸರೆಯೆನ್ನುವುದಕ್ಕಿಂತ ಕೈಗೆಟುಕುವ ಏಕೈಕ ಉಳಿತಾಯ. ಮಗುವಿನ ಶಾಲೆಯ ಫೀಜು, ತಂಗಿಯ ಮದುವೆ, ಬಾಡಿಗೆ ಮನೆಯ ಅಡ್ವಾನ್ಸು ಇವುಗಳಿಗಾಗಿ ಕೆಲಸವನ್ನೇ ಬಿಟ್ಟು ‘ಪಿಎಫ್ ತೆಗೆಸಿ’, ಕೆಲವು ತಿಂಗಳ ತರುವಾಯ ಬೇರೊಂದೆಡೆ ಹೊಸಬಳಾಗಿ ಸೇರುವ ರೂಢಿಯುಂಟು. ಹಾಗೆ ಸೇರಿದಾಗ ಹಿಂದಿನ ಸೇವಾವಧಿಯು ಲೆಕ್ಕಕ್ಕೆ ಬಾರದೆ, ಐದು ವರ್ಷ ಸತತವಾಗಿ ದುಡಿದವರಿಗೆ ಸಲ್ಲುವ ಗ್ರಾಚ್ಯುಯಿಟಿಯೂ ಕೈತಪ್ಪುತ್ತದೆ.

ಈ ವಾಸ್ತವವನ್ನು ಗಣಿಸದೆ ಕೇಂದ್ರ ಸರ್ಕಾರವು 2016ರ ಫೆಬ್ರವರಿಯಲ್ಲಿ, ಭವಿಷ್ಯನಿಧಿಯಲ್ಲಿನ ಮಾಲೀಕರ ವಂತಿಗೆಯನ್ನು 58 ವರ್ಷ ತುಂಬುವ ತನಕ ಹಿಂಪಡೆಯಲಾಗದಂತೆ ನಿಯಮವನ್ನು ತಿದ್ದಿತು. ಏಪ್ರಿಲ್ 18 ಮತ್ತು 19ರಂದು ಸಹಸ್ರಾರು ಸ್ತ್ರೀಯರು, ಸಂಘಟನೆಗಳ ಕರೆಗೆ ಕಾಯದೆ, ಹೊಸೂರು ರಸ್ತೆ, ತುಮಕೂರು ರಸ್ತೆಗಳಿಗೆ ಇಳಿದರು. ಲಾಠಿ ಪ್ರಹಾರ, ಅಶ್ರುವಾಯು ಪ್ರಯೋಗಗಳೂ ನಡೆದುವು. 19ರಂದೇ ತಿದ್ದುಪಡಿಯನ್ನು ರದ್ದುಗೊಳಿಸಲಾಯಿತು. ನಾಯಕರ ಹೆಸರಿಲ್ಲದ ಈ ಚಳವಳಿಗೆ ನಗರದ ಶ್ರಮಿಕ ಚರಿತ್ರೆಯಲ್ಲಿ 1980–81ರ ಆ ಮುಷ್ಕರಕ್ಕೆ ಸಮನಾದ ಸ್ಥಾನವು ಸಲ್ಲತಕ್ಕದ್ದು.

ವಸತಿ

ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ವಾಡಿಕೆಯಿಂದಾಗಿ, ನಿಶ್ಚಿತ ಸಂಬಳವುಳ್ಳವರೂ ಸಾಲಗಾರರಾಗಿಯೇ ಸಂಸಾರ ಹೂಡುವುದುಂಟು. ಇದ್ದ ನೆಲೆಯೂ ಭದ್ರವಲ್ಲ: ಈಜಿಪುರದಲ್ಲಿ ದುರ್ಬಲ ವರ್ಗದವರ ವಸತಿಗಳನ್ನು 2013ರ ಜನವರಿಯಲ್ಲಿ ನೆಲಸಮ ಮಾಡಲಾಯಿತು.

ಇತರ ವೃತ್ತಿಗಳು

ಆ್ಯಪ್‌ಗಳ ಮೂಲಕ ಊಟ, ಸಾಮಾನುಗಳನ್ನು ಮನೆಗೆ ತಲುಪಿಸುವ ತರುಣರು ಬೈಕಿನ ಕಂತು, ಪೆಟ್ರೋಲುಗಳ ವೆಚ್ಚವನ್ನು ತಾವೇ ಭರಿಸುವರು. ಇವರ ಸಾಮಾಜಿಕ ಭದ್ರತೆಗಾಗಿ ಕಂಪನಿಗಳಿಂದ ಕಲ್ಯಾಣ ಶುಲ್ಕವನ್ನು ಸಂಗ್ರಹಿಸುವ ಕಾಯಿದೆಯನ್ನು ಕರ್ನಾಟಕವು 2025ರಲ್ಲಿ ರಚಿಸಿದೆ.