ನೋವು ಬರಿಸುವ ಮದ್ದಿನ ಚರಿತ್ರೆ: ಲಂಡನ್ನಿನಿಂದ ನಾಗಪುರದವರೆಗೆ

ಹೆರಿಗೆಯ ಸುದ್ದಿ ಬಂದಾಗ ನಮ್ಮ ಮನೆಗಳಲ್ಲಿ ಕೇಳುವ ಪ್ರಶ್ನೆಗಳಿಗೊಂದು ಕ್ರಮವಿದೆ. ತಾಯಿ, ಮಗು ಚೆನ್ನಾಗಿದ್ದಾರಾ? ಗಂಡೋ ಹೆಣ್ಣೋ? ಆಮೇಲೆ, ನಾರ್ಮಲ್ಲೋ ಸಿಸೇರಿಯನ್ನೋ? ಈ ಮೂರನೆಯ ಪ್ರಶ್ನೆಗೆ ಇರುವುದು ಎರಡೇ ಉತ್ತರ ಎಂದು ಎಲ್ಲರೂ ನಂಬಿದ್ದಾರೆ. ಆದರೆ ನಡುವೆ ಇನ್ನೊಂದು ದೊಡ್ಡ ಗುಂಪಿದೆ. ದಿನ ತುಂಬಿದರೂ ಬೇನೆ ಬರಲಿಲ್ಲ, ಅಥವಾ ಬಿಪಿ ಏರಿತು, ಮಾತ್ರೆ ಕೊಟ್ಟು ಡ್ರಿಪ್ ಹಾಕಿ ಬೇನೆ ಬರಿಸಿದರು, ಮಗು ಸಹಜ ದಾರಿಯಲ್ಲೇ ಹುಟ್ಟಿತು. ವೈದ್ಯರು ಇದನ್ನು ‘ಇಂಡಕ್ಷನ್’ ಅನ್ನುತ್ತಾರೆ. ಮನೆಯವರು ‘ನೋವು ಬರೋ ಇಂಜೆಕ್ಷನ್ ಕೊಟ್ರು’ ಅನ್ನುತ್ತಾರೆ, ಅದೂ ಸ್ವಲ್ಪ ದನಿ ತಗ್ಗಿಸಿ.

ಮೊದಲ ಹೆರಿಗೆಯ ಭಯದಲ್ಲಿರುವ ಹುಡುಗಿಯ ಕಿವಿಗೆ ಈ ಗುಂಪಿನ ಬಗ್ಗೆ ಬೀಳುವುದೆಲ್ಲ ಹೆದರಿಸುವ ಮಾತೇ. ಇಂಜೆಕ್ಷನ್ ನೋವು ತಡೆಯೋಕಾಗಲ್ಲ, ಕೊನೆಗೆ ಕುಯ್ಯೋದೇ ಆಗೋದು, ಹೀಗೆ. ಅದೇ ವೇಳೆ, ಹೆರಿಗೆಗೆ ತುಂಬಾ ಹೆದರಿದ್ದ ಎಷ್ಟೋ ಹೆಂಗಸರು ‘ದಿನ ಗೊತ್ತಾದ ಮೇಲೆ ನನಗೆ ಉಸಿರು ಬಂತು’ ಎಂದು ಹೇಳುವುದೂ ಉಂಟು. ಒಂದೇ ಮದ್ದು ಒಬ್ಬರಿಗೆ ದುಃಸ್ವಪ್ನ, ಇನ್ನೊಬ್ಬರಿಗೆ ಸಮಾಧಾನ ಆಗಿದ್ದು ಹೇಗೆ? ಇದಕ್ಕೆ ಉತ್ತರ ಮದ್ದಿನ ಗುಣದಲ್ಲಿ ಅರ್ಧ ಸಿಗುತ್ತದೆ. ಇನ್ನರ್ಧಕ್ಕೆ ಚರಿತ್ರೆಗೆ ಹೋಗಬೇಕು.

1756ರ ಸಭೆ

1756ರಲ್ಲಿ ಲಂಡನ್ನಿನ ಹೆಸರಾಂತ ವೈದ್ಯರು ಒಂದು ಪ್ರಶ್ನೆಯನ್ನು ಇಟ್ಟುಕೊಂಡು ಸೇರಿದರು. ಅವಧಿಗೆ ಮುಂಚೆ ಬೇನೆ ಬರಿಸುವುದು ಧರ್ಮವೋ ಅಧರ್ಮವೋ? ಆ ಕಾಲದ ಬಡವರಲ್ಲಿ ರಿಕೆಟ್ಸ್ ರೋಗದಿಂದ ಸೊಂಟದ ಮೂಳೆ ಸೊಟ್ಟಗಾದ ಹೆಂಗಸರು ಬಹಳ ಮಂದಿ ಇದ್ದರು. ಪೂರ್ಣ ಬೆಳೆದ ಮಗು ಅವರ ಸೊಂಟದಲ್ಲಿ ಹಾಯುತ್ತಿರಲಿಲ್ಲ. ಹೊಟ್ಟೆ ಕುಯ್ದರೆ ತಾಯಿ ಸಾಯುವುದು ಹೆಚ್ಚುಕಡಿಮೆ ಖಚಿತ. ಕುಯ್ಯದಿದ್ದರೆ ಮಗುವಿನ ತಲೆಯನ್ನು ಒಳಗೇ ಒಡೆದು ತೆಗೆಯಬೇಕು. ಏಳೆಂಟು ತಿಂಗಳಲ್ಲೇ, ಮಗು ಚಿಕ್ಕದಿರುವಾಗ, ನೀರಿನ ಚೀಲವನ್ನು ಒಡೆದುಬಿಟ್ಟರೆ ಬೇನೆ ಶುರುವಾಗಿ ಇಬ್ಬರೂ ಉಳಿಯಬಹುದು. ಸಭೆ ಒಪ್ಪಿತು. ಥಾಮಸ್ ಡೆನ್ಮನ್ ಎಂಬ ವೈದ್ಯ ಈ ಸಂಗತಿಯನ್ನು ತನ್ನ ಪ್ರಸೂತಿ ಗ್ರಂಥದಲ್ಲಿ ದಾಖಲಿಸಿದ. ಫ್ರಾನ್ಸಿನ ವೈದ್ಯರು ಮಾತ್ರ ಹಲವು ದಶಕಗಳ ಕಾಲ ಇದನ್ನು ಪಾಪವೆಂದೇ ಕಂಡರು.

ಇಲ್ಲಿ ಗಮನಿಸಬೇಕಾದ್ದು ಎರಡು. ಇಂಡಕ್ಷನ್ ಹುಟ್ಟಿದ್ದು ಅನುಕೂಲಕ್ಕಲ್ಲ, ಎರಡು ಸಾವುಗಳ ನಡುವೆ ಮೂರನೆಯ ದಾರಿ ಹುಡುಕಲು. ಇನ್ನೊಂದು, ಆ ಸಭೆಯಲ್ಲಿದ್ದವರೆಲ್ಲ ಗಂಡಸರು. ಹೆರುವವಳನ್ನು ಕೇಳಬೇಕೆಂಬ ಮಾತು ಆಗಿನ್ನೂ ಯಾರ ತಲೆಗೂ ಬಂದಿರಲಿಲ್ಲ.

ಕಾಯುವುದಕ್ಕೂ ಬೆಲೆಯಿದೆ

ಡೆನ್ಮನ್ ಒಟ್ಟಾರೆಯಾಗಿ ತಾಳ್ಮೆಯ ಪಕ್ಷದವನು. ಪ್ರಕೃತಿ ತನ್ನ ಕೆಲಸ ತಾನು ಮಾಡಿಕೊಳ್ಳುತ್ತದೆ, ಕೈ ಹಾಕಬೇಡಿ ಎನ್ನುವುದು ಅವನ ಪಾಠ. ಅವನ ಅಳಿಯ ಸರ್ ರಿಚರ್ಡ್ ಕ್ರಾಫ್ಟ್ ಇಂಗ್ಲೆಂಡಿನ ರಾಜಕುಮಾರಿ ಶಾರ್ಲೆಟ್‌ಳ ಹೆರಿಗೆಗೆ ನೇಮಕವಾದ. ಅಕ್ಟೋಬರ್ 1817ರಲ್ಲಿ ಆಗಬೇಕಿದ್ದ ಹೆರಿಗೆ ಎರಡು ವಾರ ಮೀರಿತು. ನವೆಂಬರ್ 3ರ ಸಂಜೆ ಶುರುವಾದ ಬೇನೆ 50 ತಾಸು ನಡೆಯಿತು. ಕ್ರಾಫ್ಟ್ ಇಕ್ಕಳ ಬಳಸದೆ ಕಾದ. ಗಂಡುಮಗು ಸತ್ತೇ ಹುಟ್ಟಿತು, ಕೆಲವೇ ತಾಸುಗಳಲ್ಲಿ ಶಾರ್ಲೆಟ್ ಕೂಡ ತೀರಿಕೊಂಡಳು. ಮೂರು ತಿಂಗಳ ನಂತರ ಕ್ರಾಫ್ಟ್ ಗುಂಡು ಹಾರಿಸಿಕೊಂಡು ಸತ್ತ. ಸಿಂಹಾಸನಕ್ಕೆ ವಾರಸುದಾರರು ಬೇಕೆಂದು ಶಾರ್ಲೆಟ್‌ಳ ಚಿಕ್ಕಪ್ಪಂದಿರು ಅವಸರದಲ್ಲಿ ಮದುವೆಯಾದರು. ಹಾಗೆ ಹುಟ್ಟಿದವಳು ವಿಕ್ಟೋರಿಯಾ.

ಕಾಯುವುದು ಸುರಕ್ಷಿತ, ಕೈ ಹಾಕುವುದು ಅಪಾಯ ಎಂಬ ಸರಳ ಲೆಕ್ಕ ಅಂದೇ ಮುರಿಯಿತು. ಎಷ್ಟು ದಿನ ಕಾಯಬೇಕು ಎನ್ನುವುದಕ್ಕೂ ಆಗ ಗಟ್ಟಿ ಅಳತೆ ಇರಲಿಲ್ಲ. ಕೊನೆಯ ಮುಟ್ಟಿನಿಂದ 280 ದಿನ ಎಣಿಸುವ ಸೂತ್ರಕ್ಕೆ ಈಗಲೂ ಹೈಡೆಲ್‌ಬರ್ಗಿನ ಫ್ರಾಂಜ್ ನೇಗೆಲೆಯ ಹೆಸರಿದೆ. ನಾವು ಡ್ಯೂ ಡೇಟ್ ಎಂದು ಕ್ಯಾಲೆಂಡರಿನಲ್ಲಿ ಸುತ್ತು ಹಾಕುವುದು ಆ ಅಂದಾಜಿಗೇ. ನನ್ನ ಕಸುಬಿನಲ್ಲಿ ಎಸ್ಟಿಮೇಟನ್ನು ಡೆಡ್‌ಲೈನ್ ಎಂದು ತಿಳಿಯುವವರ ಜೊತೆ ದಿನವೂ ಜಗಳ. ಬಸಿರಿನಲ್ಲೂ ಅದೇ ಗೊಂದಲ. ಆ ದಿನ ದಾಟಿದ ಕೂಡಲೇ ಅಪಾಯವಿಲ್ಲ. ಆದರೆ 41, 42 ವಾರದ ಹೊತ್ತಿಗೆ ಅಪಾಯ ನಿಧಾನಕ್ಕೆ ಏರತೊಡಗುತ್ತದೆ. 2019ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದರಲ್ಲಿ 2760 ಹೆಂಗಸರಿದ್ದರು. 41 ವಾರಕ್ಕೆ ಬೇನೆ ಬರಿಸಿದ ಗುಂಪಿನಲ್ಲಿ ಒಂದು ಮಗುವೂ ಸಾಯಲಿಲ್ಲ, 42ರವರೆಗೆ ಕಾದ ಗುಂಪಿನಲ್ಲಿ 6 ಮಕ್ಕಳು ಸತ್ತವು. ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಿದರು.

ಬೂಷ್ಟಿನಿಂದ ಡ್ರಿಪ್‌ವರೆಗೆ

1808ರಲ್ಲಿ ನ್ಯೂಯಾರ್ಕ್ ರಾಜ್ಯದ ಜಾನ್ ಸ್ಟರ್ನ್ಸ್ ಎಂಬ ವೈದ್ಯ ರೈ ಧಾನ್ಯದ ತೆನೆಗೆ ಹತ್ತುವ ಎರ್ಗಟ್ ಎಂಬ ಬೂಷ್ಟಿನ ಪುಡಿಯನ್ನು ಹೆರಿಗೆಗೆ ಶಿಫಾರಸು ಮಾಡಿದ. ಯುರೋಪಿನ ಸೂಲಗಿತ್ತಿಯರಿಗೆ ಅದು ಮೊದಲೇ ಗೊತ್ತಿತ್ತು, ಅವನಿಗೆ ಹೇಳಿಕೊಟ್ಟವಳೂ ಜರ್ಮನಿಯಿಂದ ವಲಸೆ ಬಂದ ಒಬ್ಬ ಹೆಂಗಸೇ. ವೈದ್ಯನ ಸಮಯ ಉಳಿಯುತ್ತದೆ ಎನ್ನುವುದು ಅವನು ಹೇಳಿಕೊಂಡ ಲಾಭಗಳಲ್ಲೊಂದು. ಆದರೆ ಎರ್ಗಟ್ ಕೊಟ್ಟರೆ ಗರ್ಭಕೋಶ ಬಿಗಿದು ಸಡಿಲವಾಗದೆ ನಿಂತುಬಿಡುತ್ತದೆ, ಮಗುವಿಗೆ ಉಸಿರಿಲ್ಲ. 1820ರ ದಶಕದಲ್ಲಿ ಡೇವಿಡ್ ಹೊಸಾಕ್ ಎಂಬ ಇನ್ನೊಬ್ಬ ವೈದ್ಯ ಇದನ್ನು ಹೆರಿಗೆಯ ಪುಡಿಯಲ್ಲ, ಸಾವಿನ ಪುಡಿ ಎಂದು ಕರೆದ. ಆಮೇಲೆ ಅದು ಹೆರಿಗೆಯಾದ ಮೇಲಿನ ರಕ್ತಸ್ರಾವ ನಿಲ್ಲಿಸುವ ಕೆಲಸಕ್ಕೆ ಉಳಿಯಿತು.

1906ರಲ್ಲಿ ಹೆನ್ರಿ ಡೇಲ್ ಪಿಟ್ಯುಟರಿ ಗ್ರಂಥಿಯ ಸಾರ ಬೆಕ್ಕಿನ ಗರ್ಭಕೋಶವನ್ನು ಕುಗ್ಗಿಸುವುದನ್ನು ಕಂಡ. ಕೆಲವೇ ವರ್ಷಗಳಲ್ಲಿ ಅದು ಹೆರಿಗೆ ಕೋಣೆಗೆ ಬಂತು. ಒಂದೇ ಸಲಕ್ಕೆ ಸೂಜಿಯಲ್ಲಿ ಚುಚ್ಚುತ್ತಿದ್ದರು, ಒಮ್ಮೆ ಚುಚ್ಚಿದ್ದನ್ನು ಹಿಂದೆ ತೆಗೆಯುವಂತಿಲ್ಲ. ಗರ್ಭಕೋಶ ಹರಿದು ತಾಯಂದಿರು ಸತ್ತರು. ‘ಇಂಜೆಕ್ಷನ್ ನೋವಿನ’ ಭಯಂಕರ ಕಥೆಗಳ ಬೇರು ಇಲ್ಲಿದೆ, ಮತ್ತು ಅವು ಸುಳ್ಳಲ್ಲ.

ನಿಜವಾದ ತಿರುವು ಹೊಸ ಮದ್ದಿನದಲ್ಲ, ಕೊಡುವ ರೀತಿಯದು. 1940ರ ದಶಕದಲ್ಲಿ ಬ್ರಿಟನ್ನಿನ ಜೆಫ್ರಿ ಥಿಯೋಬಾಲ್ಡ್ ಆ ಸಾರವನ್ನು ತುಂಬಾ ತೆಳುವು ಮಾಡಿ ನರಕ್ಕೆ ಹನಿಹನಿಯಾಗಿ ಬಿಡತೊಡಗಿದ. ನೋವು ಹೆಚ್ಚಾಯಿತೇ? ಹನಿ ನಿಲ್ಲಿಸಿ. ಕೆಲವೇ ನಿಮಿಷದಲ್ಲಿ ರಕ್ತದಲ್ಲಿನ ಪ್ರಮಾಣ ಇಳಿಯುತ್ತದೆ. 1953ರಲ್ಲಿ ನ್ಯೂಯಾರ್ಕಿನ ವಿನ್ಸೆಂಟ್ ಡು ವಿನ್ಯೊ ಒಂಬತ್ತು ಅಮೈನೊ ಆಮ್ಲಗಳ ಆಕ್ಸಿಟೋಸಿನ್ನನ್ನು ಪ್ರಯೋಗಶಾಲೆಯಲ್ಲೇ ಕಟ್ಟಿದ, 1955ರಲ್ಲಿ ನೊಬೆಲ್ ಪಡೆದ. ಇನ್ನು ಪ್ರಾಣಿಗಳ ಗ್ರಂಥಿ ಬೇಡವಾಯಿತು, ಅಳತೆ ಖಚಿತವಾಯಿತು.

ಉಳಿದದ್ದು ಒಂದು ತೊಡಕು. ಗರ್ಭಕೋಶದ ಬಾಯಿ ಮೆತ್ತಗಾಗದೆ ಡ್ರಿಪ್ ಹಾಕಿದರೆ ಮುಚ್ಚಿದ ಬಾಗಿಲನ್ನು ತಳ್ಳಿದಂತೆ. 1964ರಲ್ಲಿ ಎಡ್ವರ್ಡ್ ಬಿಷಪ್ ಬಾಯಿ ಎಷ್ಟು ತೆರೆದಿದೆ, ಎಷ್ಟು ಮೆತ್ತಗಿದೆ, ತಲೆ ಎಷ್ಟು ಇಳಿದಿದೆ ಇತ್ಯಾದಿ ಐದು ಅಂಶಗಳಿಗೆ ಅಂಕ ಕೊಡುವ ಪದ್ಧತಿ ತಂದ. ಇಂದಿಗೂ ವೈದ್ಯರು ನೋಡುವುದು ಅದನ್ನೇ. 1968ರಲ್ಲಿ ಉಗಾಂಡದ ಕಂಪಾಲಾದಲ್ಲಿ ಸುಲ್ತಾನ್ ಕರೀಂ ಮತ್ತು ಸಂಗಡಿಗರು ಪ್ರೊಸ್ಟಗ್ಲಾಂಡಿನ್ ಬಳಸಿ ಬೇನೆ ಬರಿಸಿದರು. ಬಾಯಿಯನ್ನು ಮೆತ್ತಗಾಗಿಸುವ ಜೆಲ್ ಮತ್ತು ಮಾತ್ರೆಗಳ ವಂಶ ಅಲ್ಲಿಂದ ಬೆಳೆಯಿತು.

ಕೇಳದೆ ಕೊಟ್ಟಾಗ

ಮದ್ದು ಹತೋಟಿಗೆ ಬಂದ ಮೇಲೆ ಆಸ್ಪತ್ರೆಗಳ ಕೈ ಹತೋಟಿ ತಪ್ಪಿತು. 1974ರ ಹೊತ್ತಿಗೆ ಇಂಗ್ಲೆಂಡಿನಲ್ಲಿ 100 ಹೆರಿಗೆಗಳಲ್ಲಿ 40ರ ಹತ್ತಿರ ಬೇನೆ ಬರಿಸಿದವು. ಪತ್ರಿಕೆಗಳಲ್ಲಿ, ಟಿವಿಯಲ್ಲಿ ಗದ್ದಲವಾಯಿತು. ವೈದ್ಯರ ಡ್ಯೂಟಿ ಸಮಯಕ್ಕೆ ಹೊಂದಿಸಿ ಮಕ್ಕಳನ್ನು ಹುಟ್ಟಿಸುತ್ತಿದ್ದಾರೆ ಎಂಬುದು ಆರೋಪ. 1975ರಲ್ಲಿ ಶೀಲಾ ಕಿಟ್ಜಿಂಜರ್ ಬೇನೆ ಬರಿಸಿಕೊಂಡ ತಾಯಂದಿರ ಅನುಭವಗಳನ್ನೇ ಸಂಗ್ರಹಿಸಿ ವರದಿ ಮಾಡಿದಳು. 1979ರಲ್ಲಿ ಆನ್ ಕಾರ್ಟ್‌ರೈಟ್ ಎಂಬ ಸಮಾಜ ಸಂಶೋಧಕಿಯ ಪುಸ್ತಕ ಬಂತು. ಬೇನೆ ಬರಿಸಿಕೊಂಡವರಲ್ಲಿ ಹೆಚ್ಚಿನವರಿಗೆ ಮುಂದಿನ ಸಲ ಅದು ಬೇಡವಾಗಿತ್ತು. ಏಕೆ, ಹೇಗೆ, ಎಷ್ಟು ಹೊತ್ತು ಎಂದು ಬೇಕಾದಷ್ಟು ತಿಳಿಸಿ ಹೇಳಲಿಲ್ಲ ಎನ್ನುವುದು ಅನೇಕರ ದೂರು.

1756ರಿಂದ ಎರಡು ಶತಮಾನ ಕಳೆದ ಮೇಲೆ, ಹೆರಿಗೆ ಹೇಗಿತ್ತೆಂದು ಹೆತ್ತವಳನ್ನು ಕೇಳುವುದು ಕೊನೆಗೂ ಸಂಶೋಧನೆಯ ವಿಷಯವಾಯಿತು.

ಭಯವನ್ನೂ ಅಳೆದರು

ಹೆರಿಗೆಯ ಭಯ ಹೊಸದಲ್ಲ. ಫ್ರಾನ್ಸಿನ ಮನೋವೈದ್ಯ ಲೂಯಿ ವಿಕ್ಟರ್ ಮಾರ್ಸೆ 1858ರಲ್ಲೇ ಅದನ್ನು ವರ್ಣಿಸಿದ್ದ. 1930ರ ದಶಕದಲ್ಲಿ ಗ್ರಾಂಟ್ಲಿ ಡಿಕ್ ರೀಡ್ ಭಯದಿಂದ ಮೈ ಬಿಗಿಯುತ್ತದೆ, ಬಿಗಿದಷ್ಟೂ ನೋವು ಹೆಚ್ಚುತ್ತದೆ ಎಂದು ವಾದಿಸಿದ. ಅವನ ಮಾತಿನಲ್ಲಿ ಹುರುಳಿತ್ತು. ಆದರೆ ಹೆದರುವುದು ಹೆಂಗಸಿನ ತಪ್ಪು, ಧೈರ್ಯವಿದ್ದರೆ ನೋವೇ ಇಲ್ಲ ಎಂಬ ಉಪದೇಶಕ್ಕೂ ಅದು ದಾರಿಯಾಯಿತು. 2000ದಲ್ಲಿ ಇಬ್ಬರು ಬ್ರಿಟಿಷ್ ಮನೋವೈದ್ಯರು ತೀವ್ರ ಭಯಕ್ಕೆ ‘ಟೋಕೋಫೋಬಿಯಾ’ ಎಂದು ಹೆಸರಿಟ್ಟ ಮೇಲೆ, ಅದನ್ನು ಕಾಯಿಲೆಯಂತೆಯೇ ನೋಡಿ ಉಪಚರಿಸುವ ಕ್ರಮ ಬಂತು.

ಆಗಸ್ಟ್ 2018ರಲ್ಲಿ ಅಮೆರಿಕದಿಂದ ‘ಅರೈವ್’ ಎಂಬ ಅಧ್ಯಯನ ಬಂತು. 41 ಆಸ್ಪತ್ರೆಗಳು, ಮೊದಲ ಹೆರಿಗೆಯ 6106 ಆರೋಗ್ಯವಂತ ಹೆಂಗಸರು. ಅರ್ಧ ಜನರಿಗೆ 39ನೇ ವಾರದಲ್ಲಿ ಬೇನೆ ಬರಿಸಿದರು, ಉಳಿದರ್ಧ ಕಾದರು. ಬೇನೆ ಬರಿಸಿದವರಲ್ಲಿ 100ಕ್ಕೆ 18.6 ಸಿಸೇರಿಯನ್, ಕಾದವರಲ್ಲಿ 22.2. ಕೊನೆಗೆ ಕುಯ್ಯೋದೇ ಆಗೋದು ಎಂಬ ಮಾತಿಗೆ ಇದು ನೇರ ಉತ್ತರ. ನನಗೆ ಹೆಚ್ಚು ಮುಖ್ಯವಾಗಿ ಕಂಡದ್ದು ಬೇರೆ ಎರಡು ಅಂಕಣಗಳು. ಬೇನೆ ಬರಿಸಿದವರು ನೋವಿಗೆ ಕೊಟ್ಟ ಅಂಕ ಕಡಿಮೆಯಿತ್ತು, ಹೆರಿಗೆ ತಮ್ಮ ಹಿಡಿತದಲ್ಲಿತ್ತು ಎಂಬ ಭಾವನೆಗೆ ಕೊಟ್ಟ ಅಂಕ ಹೆಚ್ಚಿತ್ತು. ಹೆರಿಗೆ ಕೋಣೆಯಲ್ಲಿ ಅವರು ಕಳೆದ ತಾಸುಗಳು ಮಾತ್ರ ಹೆಚ್ಚು.

ಈ ಅಂಕಿಗಳನ್ನು ಓದುವಾಗ ಇನ್ನೊಂದನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು. ಸೇರಲು ಅರ್ಹರಿದ್ದವರಲ್ಲಿ ಒಪ್ಪಿದ್ದು 100ಕ್ಕೆ ಸುಮಾರು 27 ಮಂದಿ. ಅಂದರೆ ಇವರು ತಿಳಿದು ಒಪ್ಪಿದವರು. 1974ರ ಇಂಗ್ಲೆಂಡಿಗೂ ಇದಕ್ಕೂ ಮದ್ದಿನಲ್ಲಿ ವ್ಯತ್ಯಾಸ ಕಡಿಮೆ, ಕೇಳುವುದರಲ್ಲಿ ವ್ಯತ್ಯಾಸ ಬಹಳ. ಆದ್ದರಿಂದ ಇಂಡಕ್ಷನ್ ಎಲ್ಲರಿಗೂ ಒಳ್ಳೆಯದು ಎಂದು ಇದರಿಂದ ಹೇಳಲಾಗದು. ತಿಳಿದು ಒಪ್ಪಿದವಳಿಗೆ ಅದು ಒಳ್ಳೆಯ ಅನುಭವವೂ ಆಗಬಹುದು ಎಂದು ಹೇಳಬಹುದು.

ನನ್ನ ಮೊದಲ ಹೆರಿಗೆಯೂ ಪುಣೆಯಲ್ಲಿ 41 ವಾರ ದಾಟಿದ ಮೇಲೆ ಡ್ರಿಪ್ ಹಾಕಿಯೇ ಆದದ್ದು. ನೋವು ಕಡಿಮೆಯಿತ್ತು ಎಂದು ಸುಳ್ಳು ಹೇಳಲಾರೆ. ಆದರೆ ವೈದ್ಯೆ ಹಿಂದಿನ ದಿನ ಹಾಳೆಯ ಮೇಲೆ ಚಿತ್ರ ಬರೆದು ಮೊದಲು ಇದು, ಆಮೇಲೆ ಇದು, ಇಲ್ಲಿ ಬೇಕಾದರೆ ನಿಲ್ಲಿಸಬಹುದು ಎಂದು ತೋರಿಸಿದ್ದರು. ಹುಬ್ಬಳ್ಳಿಯಿಂದ ಅವ್ವ ರೈಲಿನಲ್ಲಿ ಬಂದು ತಲುಪಿದ್ದಳು. ಅರ್ಧ ರಾತ್ರಿಯಲ್ಲಿ ಒಬ್ಬಳೇ ಕ್ಯಾಬ್ ಹುಡುಕುವ ಭಯ ಇರಲಿಲ್ಲ. ತವರು ನೂರಾರು ಕಿಲೋಮೀಟರ್ ದೂರವಿರುವ ನಮ್ಮಂಥವರಿಗೆ ದಿನ ಗೊತ್ತಾಗುವುದೆಂದರೆ ಇದೂ ಹೌದು.

ನಮ್ಮ ನೆಲದಲ್ಲಿ

ಮಿಸೊಪ್ರೊಸ್ಟಾಲ್ ಎಂಬ ಅಗ್ಗದ ಮಾತ್ರೆ ಹೊಟ್ಟೆ ಹುಣ್ಣಿಗೆಂದು ತಯಾರಾದದ್ದು. ಅದು ಹೆರಿಗೆಗೂ ಆಗುತ್ತದೆಂದು ತಿಳಿದ ಮೇಲೆ ಬಡ ದೇಶಗಳ ಲೆಕ್ಕವೇ ಬದಲಾಯಿತು. ನಾಗಪುರದ ಸರ್ಕಾರಿ ಆಸ್ಪತ್ರೆಗಳಲ್ಲಿ ಬಿಪಿ ಏರಿದ 602 ಗರ್ಭಿಣಿಯರ ಮೇಲೆ ನಡೆದ ಅಧ್ಯಯನ 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಕಡಿಮೆ ಪ್ರಮಾಣದ ಮಾತ್ರೆಯನ್ನು ಬಾಯಿಗೆ ಕೊಟ್ಟವರಲ್ಲಿ 100ಕ್ಕೆ 57 ಮಂದಿ 24 ತಾಸಿನೊಳಗೆ ಸಹಜವಾಗಿ ಹೆತ್ತರು, ಬಲೂನಿನ ಕೊಳವೆ ಹಾಕಿದವರಲ್ಲಿ 47. ಹಿಂದೆ ಸಿಸೇರಿಯನ್ ಆದವರಿಗೆ ಈ ಮಾತ್ರೆ ಕೊಡುವುದಿಲ್ಲ, ಹಳೆಯ ಹೊಲಿಗೆ ಬಿಚ್ಚುವ ಅಪಾಯವಿದೆ.

2018ರಲ್ಲಿ ಆಕ್ಸಿಟೋಸಿನ್ ನಮ್ಮ ಬೆಂಗಳೂರಿಗೇ ಬಂತು. ಹಾಲು ಕರೆಯಲು ಎಮ್ಮೆ ಹಸುಗಳಿಗೆ ಚುಚ್ಚುತ್ತಾರೆಂದು ಕೇಂದ್ರ ಸರ್ಕಾರ ಖಾಸಗಿ ಕಂಪನಿಗಳು ಅದನ್ನು ದೇಶದೊಳಗಿನ ಬಳಕೆಗೆ ತಯಾರಿಸದಂತೆ ತಡೆದು, ಸಾರ್ವಜನಿಕ ಉದ್ದಿಮೆಯಾದ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಸಂಸ್ಥೆಗೆ ಮಾತ್ರ ಬಿಡಲು ಹೊರಟಿತು. ಇಡೀ ದೇಶದ ತಾಯಂದಿರ ಮದ್ದು ಒಂದೇ ಕಾರ್ಖಾನೆಯನ್ನು ನೆಚ್ಚಿಕೊಂಡರೆ ರಕ್ತಸ್ರಾವದಿಂದ ಸಾಯುವವರ ಗತಿಯೇನು ಎಂದು ವೈದ್ಯರು ಕೇಳಿದರು. ಡಿಸೆಂಬರ್ 2018ರಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು, ವಿವಾದ ಸುಪ್ರೀಂ ಕೋರ್ಟಿಗೂ ಹೋಯಿತು. ಪಾವಗಡದ ಸೂಲಗಿತ್ತಿ ನರಸಮ್ಮನಿಗೆ ಪದ್ಮಶ್ರೀ ಬಂದದ್ದೂ ಅದೇ ವರ್ಷ, ಅವರು ತೀರಿಕೊಂಡದ್ದೂ ಅದೇ ಡಿಸೆಂಬರಿನಲ್ಲಿ. ಸಾವಿರಾರು ಹೆರಿಗೆ ಮಾಡಿಸಿದ ಆ ಕೈಗಳು ಕೊಡುತ್ತಿದ್ದ ಬಹುಮುಖ್ಯ ಉಪಚಾರ, ಪಕ್ಕದಲ್ಲಿ ಕೂತಿರುವುದು, ಯಾವ ಬಾಟಲಿಯಲ್ಲೂ ಬರುವುದಿಲ್ಲ.

ದುರುಪಯೋಗ ಇಲ್ಲವೆಂದಲ್ಲ. ಮುಹೂರ್ತಕ್ಕೆ, ವಾರಾಂತ್ಯದ ರಜೆಗೆ, ಹಾಸಿಗೆ ಖಾಲಿ ಮಾಡಿಸುವುದಕ್ಕೆ ಬೇನೆ ಬರಿಸುವುದು ತಪ್ಪು. ಮಗುವಿನ ಎದೆಬಡಿತ ನೋಡುವವರಿಲ್ಲದ, ಆಪರೇಷನ್ ಸೌಲಭ್ಯವಿಲ್ಲದ ಕಡೆ ಅದು ಅಪಾಯ. ಹಾಗಾಗಿ ಇಂಡಕ್ಷನ್ ಎಂಬ ಮಾತು ಬಂದಾಗ ಕೇಳಬೇಕಾದ್ದು ಇಷ್ಟು: ಕಾರಣವೇನು? ಇನ್ನೆರಡು ದಿನ ಕಾದರೆ ಏನಾಗುತ್ತದೆ? ಗರ್ಭಕೋಶದ ಬಾಯಿ ಸಿದ್ಧವಾಗಿದೆಯೇ? ನೋವಿಗೆ ಏನು ಕೊಡುತ್ತೀರಿ? ಜೊತೆಗೆ ಯಾರು ಇರಬಹುದು? ನೇರವಾಗಿ ಉತ್ತರ ಕೊಡುವ ವೈದ್ಯರು ಸಿಕ್ಕರೆ ಅರ್ಧ ಭಯ ಅಲ್ಲೇ ಕಳೆಯುತ್ತದೆ. ಉಳಿದರ್ಧಕ್ಕೆ, ಮುಂದಿನ ಸಲ ಯಾರದಾದರೂ ಹೆರಿಗೆಯ ಸುದ್ದಿ ಬಂದಾಗ, ನಾರ್ಮಲ್ಲೋ ಸಿಸೇರಿಯನ್ನೋ ಎನ್ನುವ ಮೊದಲು ‘ಹೇಗಿತ್ತವ್ವಾ ನಿನಗೆ?’ ಎಂದು ಕೇಳಿ ನೋಡಿ.