ಕ್ಷುರವಿದ್ಯೆ: ತನ್ನ ಗಡ್ಡವನ್ನು ತಾನೇ ಹೆರೆದುಕೊಳ್ಳಲು ಕಲಿತ ಬಗೆ

ದಿಗಂಬರ ಮುನಿಯ ಇಪ್ಪತ್ತೆಂಟು ಮೂಲಗುಣಗಳಲ್ಲಿ ಕೇಶಲೋಚವೂ ಒಂದು. ಎರಡು ತಿಂಗಳಿಗೊಮ್ಮೆ ಮಾಡಿದರೆ ಉತ್ಕೃಷ್ಟ, ಮೂರಕ್ಕಾದರೆ ಮಧ್ಯಮ, ನಾಲ್ಕಕ್ಕಾದರೆ ಜಘನ್ಯ ಎಂದು 'ಮೂಲಾಚಾರ' ಅವಧಿಯನ್ನು ಗೊತ್ತುಮಾಡಿದೆ. ಲೋಚವೆಂದೊಡನೆ ನಮ್ಮ ಮನಸ್ಸು ಅದರ ನೋವಿನತ್ತ ಹರಿಯುತ್ತದೆ. ಆದರೆ ಆಚಾರ್ಯ ಪದ್ಮನಂದಿಗಳು ತಮ್ಮ 'ಪಂಚವಿಂಶತಿ'ಯಲ್ಲಿ ಕೊಡುವ ಕಾರಣಗಳು ನೋವಿಗಿಂತ ಪರಾಧೀನತೆಯ ಕಡೆಗೇ ಬೆರಳು ಮಾಡುತ್ತವೆ. ಕ್ಷೌರ ಮಾಡಿಸಿಕೊಳ್ಳಲು ಬೇಕಾದ ಒಂದು ಕಾಕಿಣಿಯೂ ಮುನಿಯ ಬಳಿ ಇಲ್ಲ. ಆಯುಧವನ್ನು ತಾನೇ ಇಟ್ಟುಕೊಂಡರೆ ಅದು ಚಿತ್ತವಿಕ್ಷೇಪಕ್ಕೆ ದಾರಿ. ಜಟೆ ಬಿಟ್ಟರೆ ಹೇನುಗಳ ಹಿಂಸೆ. ಯಾರನ್ನೂ ಬೇಡದೆ ಉಳಿಯಬೇಕಾದವನಿಗೆ ಅವನ ಕೈಬೆರಳುಗಳೇ ಗತಿ.

ಗೃಹಸ್ಥನ ಪಾಡು ಬೇರೆ. ಅವನು ಕ್ಷೌರಿಕನಿಗಾಗಿ ಕಾಯಬೇಕು, ಇಲ್ಲವೇ ಕತ್ತಿ ಹಿಡಿಯುವುದನ್ನು ಕಲಿಯಬೇಕು. ಈ ಎರಡನೆಯ ದಾರಿಯನ್ನು ಒಂದು ವಿದ್ಯೆಯೆಂದು ಬಗೆದು ಅದಕ್ಕೊಂದು ಶಾಸ್ತ್ರಗ್ರಂಥವನ್ನೇ ಬರೆದವನು ಪ್ಯಾರಿಸ್ಸಿನ ಜಾನ್-ಜಾಕ್ ಪೆರೆ. 1769ರಲ್ಲಿ ಪ್ರಕಟವಾದ ಆ ಪುಸ್ತಕದ ಹೆಸರು 'ಪೊಗೊನೊಟೊಮಿ'. ಗ್ರೀಕಿನಲ್ಲಿ 'ಪೊಗೊನ್' ಎಂದರೆ ಗಡ್ಡ, 'ಟೊಮಿ' ಎಂದರೆ ಕತ್ತರಿಸುವಿಕೆ. ತನಗೆ ತಾನೇ ಕ್ಷೌರ ಮಾಡಿಕೊಳ್ಳಲು ಕಲಿಯುವ ಕಲೆ ಎಂಬುದು ಅದರ ಉಪಶೀರ್ಷಿಕೆಯ ಅರ್ಥ. ಸ್ವಾರಸ್ಯವೆಂದರೆ ಪೆರೆ ಕ್ಷೌರಿಕನಲ್ಲ, ಕತ್ತಿ-ಚೂರಿಗಳನ್ನು ಮಾಡುವ ಕುಶಲಕರ್ಮಿ. ಆದ್ದರಿಂದಲೇ ಇರಬೇಕು, ಪುಸ್ತಕದ ಉದ್ದನೆಯ ಶೀರ್ಷಿಕೆಯಲ್ಲಿ ಗಲ್ಲಕ್ಕಿಂತ ಕಲ್ಲಿಗೆ ಹೆಚ್ಚು ಜಾಗ: ಸಾಣೆಕಲ್ಲುಗಳನ್ನು ಗುರುತಿಸುವುದು, ಕತ್ತಿ ಮಸೆಯುವ ತೊಗಲನ್ನು ಹದಗೊಳಿಸುವುದು, ಒಳ್ಳೆಯ ಕತ್ತಿಗಳನ್ನು ತಯಾರಿಸುವುದು. ಕೊನೆಗೆ ರಕ್ತಮೋಕ್ಷಣ ಚಿಕಿತ್ಸೆಯ ಬಗ್ಗೆಯೂ ಒಂದು ಟಿಪ್ಪಣಿ! ಹೊಸಬನಿಗೆ ಈ ಜೋಡಣೆ ಎಷ್ಟು ಧೈರ್ಯ ಕೊಟ್ಟಿತೋ.

ಕಲ್ಲಿಗೆ ಅಷ್ಟು ಜಾಗ ಕೊಟ್ಟದ್ದು ಸರಿಯೇ. ಮೊಂಡು ಕತ್ತಿಯೇ ಹೊಸಬನ ಮೊದಲ ಶತ್ರು. ಅದು ಕೂದಲನ್ನು ಕೊಯ್ಯದೆ ಎಳೆಯುತ್ತದೆ, ಎಳೆದೊಡನೆ ಕೈ ಒತ್ತುತ್ತದೆ, ಒತ್ತಿದೊಡನೆ ಚರ್ಮ ಸೀಳುತ್ತದೆ. ಕಲ್ಲಿನ ಮೇಲೆ ಅಲಗಿನ ಬಾಯಿ ಮುಂದಾಗಿ ಸಾಗಬೇಕು; ತೊಗಲಿನ ಮೇಲೆ ಅದರ ಬೆನ್ನು ಮುಂದಾಗಬೇಕು, ಮಗುಚುವಾಗಲೂ ಬೆನ್ನಿನ ಮೇಲೆಯೇ ಮಗುಚಬೇಕು. ಇದನ್ನು ಮರೆತವನ ತೊಗಲೂ ಹೋಯಿತು, ಹರಿತವೂ ಹೋಯಿತು. ಅನಂತರವೇ ಮುಖದ ಮಾತು. ಬಿಸಿನೀರಿನಿಂದ ಕೂದಲನ್ನು ನೆನೆಸಿ, ಇನ್ನೊಂದು ಕೈಯಿಂದ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದು, ಅಲಗನ್ನು ಸುಮಾರು 30 ಡಿಗ್ರಿ ಓರೆಯಾಗಿಟ್ಟು, ಕೂದಲು ಬೆಳೆದ ದಿಕ್ಕಿನಲ್ಲೇ ಜಾರಿಸಬೇಕು. ಗರಗಸದಂತೆ ಅಡ್ಡಡ್ಡ ಎಳೆದರೆ ಗಾಯ ಖಂಡಿತ. ಮೊದಲ ಕೆಲವು ದಿನ ಕೆನ್ನೆಯ ಸಮತಟ್ಟು ಭಾಗವಷ್ಟೇ ಸಾಕು; ಗದ್ದ ಮತ್ತು ಮೇಲ್ದುಟಿ ಕೈ ಪಳಗಿದ ಮೇಲೆ. ಕೈ ಪಳಗದವರ ಸಲುವಾಗಿಯೇ ಪೆರೆ ಅಲಗಿಗೆ ಮರದ ರಕ್ಷೆಯನ್ನು ತೊಡಿಸಿ, ಅಂಚು ಮಾತ್ರ ತುಸು ಹೊರಚಾಚುವಂತೆ ಇನ್ನೊಂದು ಕತ್ತಿಯನ್ನೂ ರೂಪಿಸಿದ.

ಇಂಥ ಹರಿತವನ್ನು ತಾಳುವ ಉಕ್ಕಿನ ಶೋಧ ಯುರೋಪನ್ನು ನಮ್ಮ ಕಡೆಗೂ ತಿರುಗಿಸಿತು. ದಕ್ಷಿಣ ಭಾರತದ ಮೂಸೆಯುಕ್ಕು ಅಲ್ಲಿ 'ವೂಟ್ಸ್' ಎನಿಸಿತ್ತು. ಇದು ಕನ್ನಡದ 'ಉಕ್ಕು' ಎಂಬುದರ ಅಪಭ್ರಂಶವೆಂದು ಹಲವು ವಿದ್ವಾಂಸರ ಮತ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಗೆ ಅದರ ಪರೀಕ್ಷೆಯ ವರದಿ ಸಲ್ಲಿಸಿದನು. ಆ ಪರೀಕ್ಷೆಗೆ ನೆರವಾದ ಜೇಮ್ಸ್ ಸ್ಟೊಡಾರ್ಟ್ ಕತ್ತಿ ತಯಾರಕ. ಅವನು ತನ್ನ ಅಂಗಡಿಯ ಕಾರ್ಡಿನಲ್ಲಿ, ವೂಟ್ಸ್‌ನಿಂದ ಕ್ಷೌರದ ಕತ್ತಿಗಳನ್ನು ಮಾಡುವುದಾಗಿಯೂ ಯುರೋಪಿನ ಅತ್ಯುತ್ತಮ ಉಕ್ಕಿಗಿಂತ ಇದೇ ತನಗೆ ಮೆಚ್ಚೆಂದೂ ಅಚ್ಚು ಹಾಕಿಸಿದ್ದನು.

ಅದೇ ಕಾಲದ ಬೆಂಜಮಿನ್ ಫ್ರಾಂಕ್ಲಿನ್ ತನ್ನ ಆತ್ಮಕಥೆಯಲ್ಲಿ ಈ ವಿದ್ಯೆಗೆ ಬೆಲೆ ಕಟ್ಟಿದ್ದಾನೆ. ಬಡ ಯುವಕನೊಬ್ಬನಿಗೆ ಸಾವಿರ ಗಿನಿ ಕೊಡುವುದಕ್ಕಿಂತ ತಾನೇ ಕ್ಷೌರ ಮಾಡಿಕೊಳ್ಳುವುದನ್ನೂ ಕತ್ತಿಯನ್ನು ಹದವಾಗಿಟ್ಟುಕೊಳ್ಳುವುದನ್ನೂ ಕಲಿಸಿದರೆ ಅವನ ಬಾಳಿಗೆ ಹೆಚ್ಚಿನ ಸುಖವೆಂದು ಅವನ ಎಣಿಕೆ. ಹಣ ಬೇಗ ಕರಗಬಹುದು. ಕ್ಷೌರಿಕನಿಗಾಗಿ ಕಾಯುವ ಬೇಸರವೂ ಅವನ ಮೊಂಡು ಕತ್ತಿಯ ಕಾಟವೂ ನಿತ್ಯ ತಪ್ಪುತ್ತವೆ. ಪದ್ಮನಂದಿಗಳು ಕಂಡ ಪರಾಧೀನತೆಯೇ ಇಲ್ಲಿಯೂ ಇದೆ, ವೈರಾಗ್ಯ ಮಾತ್ರ ಇಲ್ಲ. ಕತ್ತಿಯ ಹದ ಕಾಯುವ ಕೆಲಸ ಗೃಹಸ್ಥನಿಗೆ ಅಂಟಿಕೊಂಡಿತು. ಅದನ್ನು ಅವನಿಂದ ಬಿಡಿಸಿದ್ದು ಕಿಂಗ್ ಕ್ಯಾಂಪ್ ಜಿಲೆಟ್ 1904ರಲ್ಲಿ ಪೇಟೆಂಟ್ ಪಡೆದ, ಮೊಂಡಾದರೆ ಎಸೆಯಬಹುದಾದ ತೆಳು ಬ್ಲೇಡು.